ಅಂಜುವ ನಾಯಿಗೆ ತಕ್ಕ ಮನೆ



ಕ್ರಿಸ್ತಶಕ 950ರ ಸುಮಾರಿನಲ್ಲಿ, ಮಂಡ್ಯದ ಸೀಮೆಗೆ ಸೇರಿದ ಆತಕೂರಿನಲ್ಲಿ ಒಂದು ನಾಯಿಗಾಗಿ ಕಲ್ಲು ನೆಟ್ಟರು. ಆ ನಾಯಿಯ ಹೆಸರು ಕಾಳಿ. ಮಣಲೇರನೆಂಬ ವೀರನು ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಪ್ರತಿಯಾಗಿ ಅರಸನಿಂದ ಬೇಡಿ ಪಡೆದ ಬೇಟೆನಾಯಿ ಅದು. ದೊಡ್ಡದೊಂದು ಕಾಡುಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಮಡಿದವು. ಅವೆರಡರ ಹೋರಾಟದ ಚಿತ್ರವನ್ನು ಕೆತ್ತಿದ ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಧೈರ್ಯವುಳ್ಳ ನಾಯಿಯನ್ನು ನಮ್ಮ ನಾಡು ಹೀಗೆ ಗೌರವಿಸಿತು. ಬೀದರ ಸೀಮೆಯಲ್ಲಂತೂ ನಾಯಿಗೆ ದೇವರ ಸನ್ನಿಧಿಯಲ್ಲಿಯೇ ಸ್ಥಾನವುಂಟು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಬಳಿ ಮೈಲಾರ ಮಲ್ಲಣ್ಣನ ಗುಡಿಯಿದೆ. ಕನ್ನಡಿಗರು ಮೈಲಾರನೆಂದೂ ಮರಾಠಿಗರು ಖಂಡೋಬನೆಂದೂ ಕರೆಯುವ ಈ ದೇವರಿಗೆ ಕುದುರೆ ವಾಹನ, ನಾಯಿ ಸಂಗಾತಿ. ಮೈಲಾರನ ಪರಂಪರೆಯ ವಗ್ಗಯ್ಯಗಳು ತಾವೇ ದೇವರ ನಾಯಿಗಳೆಂದು ಹೇಳಿಕೊಂಡು, ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವುದನ್ನು ಕೇಳುಗರಲ್ಲಿ ಕೆಲವರಾದರೂ ಕಂಡಿರಬಹುದು.

ಕಾದಾಡುವ ನಾಯಿಗೆ ಕಲ್ಲುಂಟು, ಕಾಯುವ ನಾಯಿಗೆ ಅನ್ನವುಂಟು. ಆದರೆ ಮನುಷ್ಯನ ನೆರಳನ್ನು ಕಂಡರೆ ಸಾಕು, ಮೂಲೆಗೆ ಸರಿದು ನಡುಗುವ ನಾಯಿಗೆ ಏನುಂಟು? ಅಂಥ ನಾಯಿಯೊಂದಕ್ಕೆ ತಕ್ಕ ಮನೆಯನ್ನು ಹುಡುಕುವುದು ಹೇಗೆ ಎಂಬುದೇ ನಮ್ಮ ಈ ಹೊತ್ತಿನ ವಿಷಯ. ಇದನ್ನು ನಾವು ಗ್ರಂಥಗಳಿಂದ ಕಲಿತದ್ದು ಸ್ವಲ್ಪ. ತಪ್ಪು ಮಾಡಿ ಕಲಿತದ್ದೇ ಹೆಚ್ಚು.

ಬೀದರದಲ್ಲಿ ನಾವು ಕೆಲವರು ಸೇರಿ, ಮಿತ್ರರೊಬ್ಬರ ಹಿತ್ತಿಲಿನಲ್ಲಿ ದಿಕ್ಕಿಲ್ಲದ ಏಳೆಂಟು ನಾಯಿಗಳಿಗೆ ಆಶ್ರಯ ಕೊಟ್ಟು, ವಾಸಿಯಾದವನ್ನು ಬೇಡಿದವರ ಮನೆಗೆ ಕಳುಹಿಸುತ್ತಿದ್ದೆವು. 2023ರ ಮಳೆಗಾಲದಲ್ಲಿ ಅಲ್ಲಿಗೆ ಬೂದು ಬಣ್ಣದ ಹೆಣ್ಣುನಾಯಿಯೊಂದು ಬಂದಿತು. ಎರಡು ವರ್ಷದ ಪ್ರಾಯ. ಕೊರಳಿನಲ್ಲಿ ತಂತಿ ಬಿಗಿದ ಗಾಯ. ಬೂದಿಯೆಂದು ಕರೆದೆವು. ಗಾಯವು ಮೂರು ವಾರಗಳಲ್ಲಿ ಮಾಯಿತು. ಅಂಜಿಕೆಯು ಮಾಯಲಿಲ್ಲ. ತಟ್ಟೆಯಿಟ್ಟು ನಾವು ಮರೆಯಾಗುವವರೆಗೆ ಅದು ಉಣ್ಣುತ್ತಿರಲಿಲ್ಲ. ಬಾಲವನ್ನು ಹೊಟ್ಟೆಗೆ ಅವುಚಿ, ಮುಖವನ್ನು ಗೋಡೆಗೆ ಮಾಡಿ ಕುಳಿತಿರುತ್ತಿತ್ತು.

ಇಂಥ ಭಯವು ಎಲ್ಲಿಂದ ಬರುವುದು? ಹೊಡೆತ ತಿಂದ ನಾಯಿಯೇ ಅಂಜುವುದೆಂದು ಜನರು ಭಾವಿಸುವುದುಂಟು. ಅದು ಅರ್ಧ ಸತ್ಯ. ಮರಿಯು ಮೂರನೆಯ ವಾರದಿಂದ ಹದಿಮೂರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯನ ಕೈ, ದನಿ, ವಾಸನೆಗಳ ಪರಿಚಯವನ್ನು ಪಡೆಯದಿದ್ದರೆ, ಮುಂದೆ ಅದಕ್ಕೆ ಮನುಷ್ಯನು ಪರಕೀಯನಾಗಿಯೇ ಉಳಿಯುತ್ತಾನೆ. ಅಮೆರಿಕದ ಬಾರ್ ಹಾರ್ಬರಿನ ಪ್ರಯೋಗಾಲಯದವರು ಕೆಲವು ಮರಿಗಳನ್ನು ಮನುಷ್ಯಸಂಪರ್ಕವಿಲ್ಲದೆ ಬಯಲಿನಲ್ಲಿ ಬೆಳೆಸಿ ಇದನ್ನು ಪರೀಕ್ಷಿಸಿ, 1961ರಲ್ಲಿ ಪ್ರಕಟಿಸಿದರು. ಹದಿನಾಲ್ಕು ವಾರ ಮನುಷ್ಯನನ್ನರಿಯದೆ ಬೆಳೆದ ಮರಿಗಳನ್ನು ಬಳಿಕ ಪಳಗಿಸುವುದು ಬಹಳ ಕಷ್ಟವಾಯಿತು. ಆದುದರಿಂದ ಅಂಜುವ ನಾಯಿಯೆಲ್ಲವೂ ಪೆಟ್ಟು ತಿಂದದ್ದೆಂದಾಗಲಿ, ಪ್ರೀತಿಯನ್ನು ಸುರಿದರೆ ನಾಳೆಯೇ ಸರಿಹೋಗುವುದೆಂದಾಗಲಿ ಎಣಿಸಕೂಡದು. ಕಿವಿಯ ನೋವು, ಹಲ್ಲಿನ ನೋವುಗಳಿಂದಲೂ ನಾಯಿಯು ಮುಟ್ಟಗೊಡದಿರುವುದುಂಟು. ಮೊದಲು ಪಶುವೈದ್ಯರಿಗೆ ತೋರಿಸುವುದು ಅವಶ್ಯ. ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಬೀದರದ ನಂದಿನಗರದಲ್ಲಿರುವುದು ನಮ್ಮ ಜಿಲ್ಲೆಯವರ ಭಾಗ್ಯ.

ಇನ್ನು ನಮ್ಮ ತಪ್ಪುಗಳ ವಿಚಾರ. ಬೂದಿಯನ್ನು ಮೊದಲು ಕೇಳಿದವರು ಬೀದರ ಪಟ್ಟಣದವರೇ. ಹಳೆಯ ಊರಿನಲ್ಲಿ, ಚೌಬಾರದ ಆಚೆಯ ಓಣಿಯವರು. ತುಂಬಿದ ಮನೆ, ನಾಲ್ವರು ಮಕ್ಕಳು, ಉದಾರವಾದ ಮನಸ್ಸು. ಇಷ್ಟು ಪ್ರೀತಿಯಿರುವಲ್ಲಿ ಯಾವ ನಾಯಿ ತಾನೆ ಸುಖವಾಗಿರದು ಎಂದುಕೊಂಡು, ಮತ್ತೇನನ್ನೂ ವಿಚಾರಿಸದೆ ಕೊಟ್ಟೆವು. ಮನೆಗೆ ನಾಯಿ ಬಂದಿತೆಂದು ನೆರೆಹೊರೆಯವರೆಲ್ಲ ನೋಡಲು ಬಂದರು. ಮಕ್ಕಳು ಸರದಿಯಂತೆ ಮೈದಡವಿದರು. ಸಾಲದುದಕ್ಕೆ ಬೀದರದ ಆಕಾಶದಲ್ಲಿ ವಾಯುಪಡೆಯ ತರಬೇತಿಯ ವಿಮಾನಗಳ ಮೊರೆತ. ಊರಿನವರ ಕಿವಿಗೆ ಅದು ರೂಢಿಯಾಗಿದೆ, ಬೂದಿಗೆ ಆಗಿರಲಿಲ್ಲ. ನಾಲ್ಕನೆಯ ದಿನ ಬಾಗಿಲು ತೆರೆದಾಗ ಕೊರಳಪಟ್ಟಿಯಿಂದ ತಲೆಯನ್ನು ನುಣುಚಿಕೊಂಡು ಓಡಿಹೋಯಿತು. ಎರಡು ಹಗಲು, ಎರಡು ರಾತ್ರಿ ಹುಡುಕಿದೆವು. ಕೊನೆಗೆ ಕೋಟೆಯ ಕಂದಕದ ಬಳಿ, ಮುರಕಲ್ಲಿನ ಬಂಡೆಯ ಕೆಳಗೆ ಅದು ಮುದುಡಿ ಮಲಗಿದ್ದುದನ್ನು ಕಂಡೆವು. ಆ ಮನೆಯ ಮಕ್ಕಳು ಅತ್ತರು. ಅಪರಾಧವು ಅವರದಲ್ಲ, ನಮ್ಮದು. ಮನೆಯು ಒಳ್ಳೆಯದೇ ಆಗಿತ್ತು. ಈ ನಾಯಿಗೆ ತಕ್ಕುದಾಗಿರಲಿಲ್ಲ.

ಎರಡನೆಯ ಮನೆಯು ಭಾಲ್ಕಿಯಲ್ಲಿ. ನಿವೃತ್ತ ಉಪಾಧ್ಯಾಯರು, ಒಬ್ಬರೇ ಇರುವವರು, ಗೋಡೆಯಿರುವ ಅಂಗಳ. ಈ ಸಾರಿ ಗದ್ದಲವಿಲ್ಲವೆಂದು ನಾವು ಸಮಾಧಾನಪಟ್ಟೆವು. ಆದರೆ ನಾಯಿಯಿಂದ ಅವರು ಏನನ್ನು ಬಯಸುತ್ತಾರೆಂದು ಕೇಳಲಿಲ್ಲ. ಅವರಿಗೆ ಬೇಕಾಗಿದ್ದುದು ಸಂಜೆಯ ಹೊತ್ತು ಕಾಲಬಳಿ ಕುಳಿತಿರುವ ಒಂದು ಜೀವ. ಎರಡು ವಾರ ಕಾದರು. ಬೂದಿಯು ಮಂಚದ ಕೆಳಗಿನಿಂದ ಹೊರಬರಲಿಲ್ಲ. ಒಂದು ದಿನ, ಮುದ್ದಿಸಿದರೆ ಅಂಜಿಕೆ ಬಿಡುವುದೆಂದು ನಂಬಿ, ಕೈಯಿಕ್ಕಿ ಎಳೆದುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳಹೋದರು. ಅದು ಕಚ್ಚಿತು. ಬೂದಿಗೆ ಹುಚ್ಚುನಾಯಿ ರೋಗದ ಲಸಿಕೆ ಮೊದಲೇ ಆಗಿದ್ದಿತಾದರೂ, ಅವರು ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಕ್ರಮವಾಗಿ ಮುಗಿಸಿದರು. ನಾವು ನಾಯಿಯನ್ನು ಹತ್ತು ದಿನ ಪ್ರತ್ಯೇಕವಾಗಿಟ್ಟು ನೋಡಿಕೊಂಡೆವು. ನಾಯಿ ಯಾವುದೇ ಆಗಲಿ, ಎಷ್ಟೇ ಸಣ್ಣ ಗಾಯವಾಗಲಿ, ಈ ವಿಷಯದಲ್ಲಿ ಉದಾಸೀನವು ಸಲ್ಲದು. ರೋಗದ ಲಕ್ಷಣಗಳು ತಲೆದೋರಿದ ಮೇಲೆ ಅದರಿಂದ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಎರಡು ಸಾರಿ ಹಿಂದಿರುಗಿದ, ಅದರಲ್ಲಿಯೂ ಕಚ್ಚಿದ ನಾಯಿಯನ್ನು ಇನ್ನು ಯಾರು ಕೇಳುವರು? ನಮ್ಮಲ್ಲಿಯೇ ಭಿನ್ನಾಭಿಪ್ರಾಯವಾಯಿತು. ಕಚ್ಚಿದ ಸಂಗತಿಯನ್ನು ಹೇಳದೆ ದೂರದ ಊರಿಗೆ ಕೊಟ್ಟುಬಿಡೋಣವೆಂದವರಿದ್ದರು. ಹಾಗೆ ಮಾಡಿದ್ದರೆ ಕೊಂಡುಹೋದವರಿಗೂ ದ್ರೋಹ, ನಾಯಿಗೂ ದ್ರೋಹ. ಮುಚ್ಚಿಟ್ಟ ಮಾತು ಯಾವುದಾದರೊಂದು ಮಗುವಿನ ಮುಖದ ಮೇಲೆ ಹಲ್ಲಿನ ಗುರುತಾಗಿ ಹೊರಬೀಳುತ್ತಿತ್ತು. ಮಕ್ಕಳಿರುವ ಮನೆಗೆ ಕೊಡಲಾಗದು, ಇರುವುದನ್ನು ಇದ್ದಂತೆ ಹೇಳತಕ್ಕದ್ದು, ತಕ್ಕ ಮನೆ ಸಿಕ್ಕದಿದ್ದರೆ ನಮ್ಮಲ್ಲಿಯೇ ಉಳಿಯಲಿ ಎಂದು ನಿಶ್ಚಯಿಸಿದೆವು.

ಆ ತಿಂಗಳುಗಳಲ್ಲಿ ನಮಗೆ ದಾರಿ ತೋರಿಸಿದ್ದು ರಷ್ಯಾ ದೇಶದ ಪಾವ್ಲೊವ್ ಮಹಾಶಯನ ಅನುಭವ. 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡ್ ನಗರಕ್ಕೆ ನೆರೆ ಬಂದು, ಆತನ ಪ್ರಯೋಗದ ನಾಯಿಗಳಿದ್ದ ಮನೆಗೆ ನೀರು ನುಗ್ಗಿತು. ನಾಯಿಗಳನ್ನು ಈಜಿಸಿ ಹೊರತಂದು ಉಳಿಸಿದರು. ಆದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಂತಾದವು. ಅಂಥದೊಂದು ನಾಯಿಯ ಕೋಣೆಯಲ್ಲಿ ಪರಿಚಿತನಾದ ಪ್ರಯೋಗಕಾರನು ಸುಮ್ಮನೆ ಜೊತೆಗಿದ್ದಾಗ ಅದರ ಸ್ಥಿತಿಯು ಸುಧಾರಿಸಿತು. ಸರಿಹೋಯಿತೆಂದು ತೋರಿದ ಮೇಲೆಯೂ, ಬಾಗಿಲ ಸಂದಿನಿಂದ ಸ್ವಲ್ಪ ನೀರನ್ನು ಹರಿಯಬಿಟ್ಟೊಡನೆ ಹಳೆಯ ಭಯವು ಮರುಕಳಿಸಿತು. ಇದರಿಂದ ಗ್ರಹಿಸಬೇಕಾದುವು ಎರಡು. ಬಲವಂತವಿಲ್ಲದೆ ಬರಿದೆ ಜೊತೆಗಿರುವುದೇ ಒಂದು ಚಿಕಿತ್ಸೆ. ಮತ್ತು ಭಯವು ಅಡಗಬಹುದೇ ಹೊರತು ಅಳಿಯಿತೆಂದು ಎಂದಿಗೂ ಮೈಮರೆಯಲಾಗದು.

ಇದರ ಮೇಲೆ ನಾವು ನಾಯಿಯನ್ನು ಪರೀಕ್ಷಿಸುವುದನ್ನು ಬಿಟ್ಟು ಮನೆಯನ್ನು ಪರೀಕ್ಷಿಸಲಾರಂಭಿಸಿದೆವು. ಕೇಳಲು ಬಂದವರನ್ನು ಐದು ಪ್ರಶ್ನೆಗಳನ್ನು ಕೇಳುತ್ತಿದ್ದೆವು. ಮನೆಯಲ್ಲಿ ಎಷ್ಟು ಜನ, ಹೋಗಿಬರುವವರೆಷ್ಟು? ಗೋಡೆ, ಗೇಟುಗಳು ಭದ್ರವೆ? ಶಾಂತಸ್ವಭಾವದ ಮತ್ತೊಂದು ನಾಯಿ ಇದೆಯೆ? ಹಬ್ಬದಲ್ಲಿಯೂ ಊರಿಗೆ ಹೋದಾಗಲೂ ಇದನ್ನು ನೋಡಿಕೊಳ್ಳುವವರಾರು? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಆರು ತಿಂಗಳು ಈ ನಾಯಿಯು ನಿಮ್ಮನ್ನು ಮುಟ್ಟಗೊಡದಿದ್ದರೆ ಏನು ಮಾಡುವಿರಿ? ಐದನೆಯ ಪ್ರಶ್ನೆಯನ್ನು ಕೇಳಿದ ಮೇಲೆ ಬಹುಮಂದಿ ನಮಸ್ಕಾರ ಹೇಳಿ ಹೊರಟುಹೋದರು. ಅವರನ್ನು ನಾವು ದೂಷಿಸುವುದಿಲ್ಲ. ಮೊದಲೇ ಹೊರಟುಹೋದುದೂ ಒಂದು ಉಪಕಾರವೇ.

ಚಳಿಗಾಲದಲ್ಲಿ ಔರಾದ ತಾಲ್ಲೂಕಿನಿಂದ ರೈತರೊಬ್ಬರು ತಮ್ಮ ತಾಯಿಯೊಡನೆ ಬಂದರು. ಊರಿನಿಂದ ಹೊರಗೆ, ತೊಗರಿಯ ಹೊಲದಲ್ಲಿ ಮನೆ, ಎರಡು ದೇವಣಿ ಎತ್ತುಗಳು, ಒಂದು ಮುದಿನಾಯಿ. ಮಕ್ಕಳಿಲ್ಲ. ನಾವು ಬೂದಿಯ ಚರಿತ್ರೆಯನ್ನು ಕಚ್ಚಿದುದು ಸಹಿತವಾಗಿ ಹೇಳಿ, ಐದನೆಯ ಪ್ರಶ್ನೆಯನ್ನು ಕೇಳಿದೆವು. ಆ ತಾಯಿಯು ಒಂದು ಗಳಿಗೆ ನಾಯಿಯ ಕಡೆಗೆ ನೋಡದೆಯೇ ಕುಳಿತಿದ್ದು, "ಅಂಜತದಂದ್ರ ಅಂಜಲಿ ಬಿಡ್ರಿ. ನಮಗೇನ್ ಅವಸರ ಅದ?" ಎಂದರು. ನಾವು ಪುಸ್ತಕಗಳಲ್ಲಿ ಹುಡುಕಿದ ಉತ್ತರವೇ ಅದಾಗಿತ್ತು.

ಅಲ್ಲಿ ನಡೆದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು, ಬೇರೆಯವರಿಗೂ ಉಪಯೋಗವಾದೀತು. ಮೊದಲ ಮೂರು ವಾರ ಒಂದೇ ಕೋಣೆ, ಒಂದೇ ಮೂಲೆ, ಒಬ್ಬರದೇ ಕೈಯ ಅನ್ನ, ಒಂದೇ ಹೊತ್ತು. ಮೈತೊಳೆಯುವುದಿಲ್ಲ, ನೆಂಟರಿಗೆ ತೋರಿಸುವುದಿಲ್ಲ, ದಿಟ್ಟಿಸಿ ನೋಡುವುದಿಲ್ಲ. ಆ ತಾಯಿಯು ಜೋಳವನ್ನು ಹಸನುಮಾಡುತ್ತ, ನಾಯಿಗೆ ಓರೆಯಾಗಿ ಕುಳಿತು, ಆಗಾಗ ರೊಟ್ಟಿಯ ಚೂರನ್ನು ಅದರತ್ತ ಎಸೆಯುತ್ತಿದ್ದರು. ಹೊರಗೆ ಕರೆದೊಯ್ಯುವಾಗ ಕೊರಳಿಗೊಂದು, ಎದೆಗೊಂದು ಎಂದು ಎರಡು ಪಟ್ಟಿಗಳು. ಒಂದು ಜಾರಿದರೆ ಇನ್ನೊಂದು ಹಿಡಿಯುವುದು. ಬಯಲಿನಲ್ಲಿ ಕಟ್ಟದೆ ಬಿಡುವಂತಿರಲಿಲ್ಲ. ಕಳೆದುಹೋಗುವ ಭಯ ಒಂದು. ಬೀದರ ಜಿಲ್ಲೆಯ ಹೊಲಗಳಲ್ಲಿ ತಿರುಗುವ ಕೃಷ್ಣಮೃಗಗಳ ಬೆನ್ನುಹತ್ತಬಹುದೆಂಬುದು ಇನ್ನೊಂದು. ಹೆಚ್ಚಿನ ಪಾಠವನ್ನು ಕಲಿಸಿದ್ದು ಮುದಿನಾಯಿ. ಅದು ಮನುಷ್ಯರ ಕೈಯಿಂದ ನಿಶ್ಚಿಂತೆಯಾಗಿ ಉಣ್ಣುವುದನ್ನು ಬೂದಿಯು ದಿನವೂ ದೂರದಿಂದ ನೋಡುತ್ತಿತ್ತು. ನಲವತ್ತನೆಯ ದಿನ ಅದರ ಹಿಂದೆ ತಾನೂ ಅಂಗಳಕ್ಕೆ ಬಂದಿತು. ನಾಲ್ಕನೆಯ ತಿಂಗಳಿನಲ್ಲಿ ತಾಯಿಯ ಸೆರಗನ್ನು ಮೂಸಿತು.

ಬೂದಿಯು ಪೂರ್ಣವಾಗಿ ಗುಣವಾಯಿತೆಂದು ನಾವು ಹೇಳುವುದಿಲ್ಲ. ಕೈಯಲ್ಲಿ ಕೋಲು ಹಿಡಿದವರನ್ನು ಕಂಡರೆ ಅದು ಈಗಲೂ ಓಡುತ್ತದೆ. 2024ರ ದೀಪಾವಳಿಯಲ್ಲಿ ದೂರದ ಪಟಾಕಿಯ ಸದ್ದಿಗೆ ಮೂರು ದಿನ ಉಣ್ಣಲಿಲ್ಲ. ಮನೆಯನ್ನು ಕಾಯುವುದೂ ಅದರಿಂದಾಗದು. ಆ ಮನೆಯವರು ಅದನ್ನು ಕೇಳಿಯೂ ಇಲ್ಲ.

ಇದೆಲ್ಲ ಒಂದು ನಾಯಿಯ ಕಥೆಯಾಯಿತು. ಇಷ್ಟು ವಿಸ್ತರಿಸುವ ಅಗತ್ಯವೇನೆಂದು ಕೇಳಬಹುದು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲುನಿಲ್ದಾಣ ಮೊದಲಾದ ಸ್ಥಳಗಳ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ, ಮರಳಿ ಅಲ್ಲಿಯೇ ಬಿಡದೆ ಆಶ್ರಯಗಳಲ್ಲಿ ಇರಿಸತಕ್ಕದ್ದೆಂದು ಆಜ್ಞಾಪಿಸಿತು. ಮಕ್ಕಳ ಮತ್ತು ರೋಗಿಗಳ ರಕ್ಷಣೆಯ ದೃಷ್ಟಿಯಿಂದ ಬಂದ ಆಜ್ಞೆ ಅದು. ಆದರೆ ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಆಶ್ರಯದ ಗೋಡೆಗಳು ಹೊಸವು; ಅಲ್ಲಿ ಅಂಜಿ ಮೂಲೆ ಸೇರುವ ನಾಯಿಗಳು ಕಡಮೆಯಾಗಿರಲಾರವು. ಆಶ್ರಯಕ್ಕೆ ಬರುವವರು ಸಾಮಾನ್ಯವಾಗಿ ಬಾಲವಾಡಿಸಿ ಎದುರುಬರುವ ನಾಯಿಯನ್ನೇ ಆರಿಸುತ್ತಾರೆ. ಕೇಳುಗರಲ್ಲಿ ಯಾರಿಗಾದರೂ ಗದ್ದಲವಿಲ್ಲದ ಮನೆ, ಭದ್ರವಾದ ಅಂಗಳ, ಅವಸರವಿಲ್ಲದ ಮನಸ್ಸು ಈ ಮೂರೂ ಇದ್ದರೆ, ಎದುರುಬಾರದ ನಾಯಿಯೊಂದರ ಕಡೆಗೂ ಗಮನವೀಯಬೇಕೆಂದು ಬೇಡಿಕೊಳ್ಳುತ್ತೇವೆ. ಈ ಮೂರರಲ್ಲಿ ಒಂದು ಕಡಮೆಯಿದ್ದರೆ ಇಲ್ಲವೆನ್ನಲು ಸಂಕೋಚಪಡಬೇಕಾಗಿಲ್ಲ. ಒಯ್ದ ಮೇಲೆ ಆಗದಿದ್ದರೆ ಹಿಂದಕ್ಕೆ ತಂದೊಪ್ಪಿಸುವುದೂ ಅವಮಾನವಲ್ಲ; ಬೀದಿಯಲ್ಲಿ ಬಿಟ್ಟುಬರುವುದು ಮಾತ್ರ ಅಪರಾಧ.

ಕಳೆದ ವರ್ಷ ನಾವು ಔರಾದದ ಆ ಹೊಲಮನೆಗೆ ಹೋಗಿದ್ದೆವು. ಬೂದಿಯು ಅಂಗಳದಲ್ಲಿ ಮುದಿನಾಯಿಯ ಪಕ್ಕದಲ್ಲಿ ಮಲಗಿತ್ತು. ನಮ್ಮ ದನಿಯನ್ನು ಕೇಳಿ ಎದ್ದಿತು. ನಾಲ್ಕು ತಿಂಗಳು ಅನ್ನವಿಕ್ಕಿದ ನಮ್ಮ ಗುರುತು ಹಿಡಿದೀತೆಂಬ ಆಸೆ ಮನಸ್ಸಿನ ಮೂಲೆಯಲ್ಲಿದ್ದುದನ್ನು ಒಪ್ಪಿಕೊಳ್ಳಬೇಕು. ಅದು ನಮ್ಮ ಬಳಿಗೆ ಬರಲಿಲ್ಲ. ಬಾಲವನ್ನು ಅವುಚಿಕೊಂಡು ಓಡಿತು. ಆದರೆ ಗೋಡೆಯ ಮೂಲೆಗಲ್ಲ. ಒಲೆಯ ಮುಂದೆ ಕುಳಿತಿದ್ದ ಆ ತಾಯಿಯ ಬೆನ್ನ ಹಿಂದಕ್ಕೆ ಹೋಗಿ, ಅಲ್ಲಿಂದ ನಮ್ಮನ್ನು ಇಣುಕಿ ನೋಡಿತು. ನಾವು ಬಾಗಿಲಲ್ಲಿಯೇ ನಿಂತು ಮಾತನಾಡಿ, ಮಜ್ಜಿಗೆ ಕುಡಿದು, ಸಂತೋಷದಿಂದ ಬೀದರಕ್ಕೆ ಹಿಂದಿರುಗಿದೆವು.