ಛಾಯಾಚಿತ್ರವೂ ಜನರ ದನಿಯೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು-ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಸಮರ್ಥರಾದವರು ಈಗಾಗಲೇ ಚೆನ್ನಾಗಿ ಮಾಡಿದ್ದಾರೆ. ವಿಷಯದ ಆಯ್ಕೆಯನ್ನು ಸಂಘದವರು ನನಗೇ ಬಿಟ್ಟುದರಿಂದ, ಛಾಯಾಚಿತ್ರವನ್ನು ಕುರಿತು ನಾಲ್ಕು ಮಾತು ಹೇಳೋಣವೆಂದು ಬಂದಿದ್ದೇನೆ. ಮದುವೆ ಮುಂಜಿಗಳ ಚಿತ್ರವನ್ನಾಗಲಿ, ಸೂರ್ಯಾಸ್ತದ ಚಿತ್ರವನ್ನಾಗಲಿ ಕುರಿತು ಅಲ್ಲ. ಸಮಾಜವು ಯಾರನ್ನು ಅಂಚಿಗೆ ತಳ್ಳಿದೆಯೋ, ಯಾರ ಅಹವಾಲು ಕಚೇರಿಯ ಮೇಜಿನವರೆಗೆ ಮುಟ್ಟುವುದೇ ಇಲ್ಲವೋ, ಅಂಥವರ ಬಾಳನ್ನು ಇದ್ದುದು ಇದ್ದಂತೆ ದಾಖಲೆ ಮಾಡುವ ಚಿತ್ರವೇ ನನ್ನ ಇಂದಿನ ವಿಷಯ.

ಇದಕ್ಕೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. 1956ನೆಯ ಇಸವಿ ನವೆಂಬರ್ 1ರಂದು ಒಂದುಗೂಡಿದ್ದು ಬರಿಯ ನೆಲವಲ್ಲ, ಜನ. ಆ ಜನರಲ್ಲಿ ಯಾರು ನಮ್ಮ ಕಣ್ಣಿಗೆ ಬಿದ್ದಿದ್ದಾರೆ, ಯಾರು ಬಿದ್ದಿಲ್ಲ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳುವುದು ಉತ್ಸವಕ್ಕೆ ಹೊರತಾದ ಕೆಲಸವಲ್ಲವೆಂದು ನಾನು ನಂಬಿದ್ದೇನೆ.

ಕ್ಯಾಮೆರಾ ನಮ್ಮ ದೇಶಕ್ಕೆ ಬಂದಾಗ ಬಡವರ ಬಂಧುವಾಗಿ ಬರಲಿಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರವು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಗ್ರಂಥವನ್ನು ಹೊರತಂದಿತು. ನಮ್ಮ ಜಾತಿಗಳ, ಬುಡಕಟ್ಟುಗಳ ಜನರನ್ನು ನಿಲ್ಲಿಸಿ ತೆಗೆದ ನೂರಾರು ಚಿತ್ರಗಳು ಅದರಲ್ಲಿವೆ. ಚಿತ್ರದಲ್ಲಿ ನಿಂತವನ ಹೆಸರಿಗಿಂತ ಅವನ ಜಾತಿಯ ಹೆಸರು ಮುಖ್ಯವಾಯಿತು. ಅವನ ಸ್ವಭಾವವೇನೆಂಬುದನ್ನು ಆಳುವವರೇ ಬರೆದರು. ಅವನು ಏನು ಹೇಳುತ್ತಿದ್ದನೋ ಕೇಳಿದವರಿಲ್ಲ. ಚಿತ್ರವಿದೆ, ಮುಖವಿದೆ, ದನಿ ಮಾತ್ರ ಇಲ್ಲ. ಇದನ್ನು ಮೊದಲು ನೆನೆಯಬೇಕು. ಏಕೆಂದರೆ ಚಿತ್ರ ತೆಗೆದ ಮಾತ್ರಕ್ಕೆ ದನಿ ಕೊಟ್ಟಂತಾಯಿತು ಎಂಬ ಭ್ರಮೆ ಇಂದಿಗೂ ಬಹಳ ಮಂದಿಗೆ ಇದೆ.

ಇದೇ ಯಂತ್ರವನ್ನು ಬೇರೆ ಬುದ್ಧಿಯಿಂದ ಬಳಸಿದವರೂ ಇದ್ದರು. ಅಮೆರಿಕದಲ್ಲಿ 1908ರಿಂದ ಲೂಯಿಸ್ ಹೈನ್ ಎಂಬ ಉಪಾಧ್ಯಾಯರು ಬಾಲಕಾರ್ಮಿಕ ಪದ್ಧತಿಯನ್ನು ವಿರೋಧಿಸುವ ಸಮಿತಿಯೊಂದರ ಪರವಾಗಿ ಗಿರಣಿಗಳಿಗೂ ಗಣಿಗಳಿಗೂ ಹೋದರು. ಮಾಲಿಕರು ಒಳಗೆ ಬಿಡದಿದ್ದಾಗ ಬೈಬಲ್ ಮಾರುವವರಂತೆಯೋ ಯಂತ್ರದ ಚಿತ್ರ ತೆಗೆಯುವವರಂತೆಯೋ ವೇಷ ಹಾಕಿ ಒಳಹೊಕ್ಕರು. ತಮ್ಮ ಕೋಟಿನ ಗುಂಡಿಗಳನ್ನೇ ಅಳತೆಯ ಗುರುತು ಮಾಡಿಕೊಂಡು ಮಗುವಿನ ಎತ್ತರವನ್ನು ಅಂದಾಜು ಮಾಡುತ್ತಿದ್ದರು. ಹೆಸರು, ವಯಸ್ಸು, ದುಡಿಮೆಯ ವೇಳೆ ಇವನ್ನು ಜೇಬಿನೊಳಗೇ ಗುಟ್ಟಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಚಿತ್ರದ ಜೊತೆಗೆ ಈ ವಿವರಗಳಿದ್ದುದರಿಂದಲೇ ಅವು ಸುಳ್ಳೆಂದು ಯಾರೂ ತಳ್ಳಿಹಾಕುವಂತಿರಲಿಲ್ಲ. ಆದರೂ ಚಿತ್ರವೊಂದು ಮಂತ್ರದಂಡವಲ್ಲ. 1916ರಲ್ಲಿ ಬಂದ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1918ರಲ್ಲಿ ರದ್ದು ಮಾಡಿತು; ಗಟ್ಟಿಯಾದ ಕಾನೂನು ಬರಲು 1938 ಆಗಬೇಕಾಯಿತು.

ಇನ್ನೊಂದು ಉದಾಹರಣೆ ಕೊಂಚ ನೋವಿನದು. 1936ರ ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಡೊರೊಥಿಯ ಲ್ಯಾಂಗ್ ಎಂಬ ಛಾಯಾಗ್ರಾಹಕಿ, ಕೂಲಿಗಾಗಿ ಅಲೆಯುತ್ತಿದ್ದ ತಾಯಿಯೊಬ್ಬಳ ಚಿತ್ರ ತೆಗೆದರು. ಜಗತ್ತಿನಲ್ಲಿ ಅದನ್ನು ನೋಡದವರು ಕಡಮೆ. ಪತ್ರಿಕೆಯಲ್ಲಿ ಚಿತ್ರ ಬಂದೊಡನೆ ಆ ಬಿಡಾರಕ್ಕೆ ಸರ್ಕಾರವು ಆಹಾರವನ್ನು ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ಹೊರಟುಹೋಗಿದ್ದಳು. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷಗಳ ಮೇಲೆ. ಚಿತ್ರದಿಂದ ತನಗೇನೂ ದೊರೆಯಲಿಲ್ಲವೆಂದು ಆಕೆ ಆಗ ಬೇಸರಪಟ್ಟುಕೊಂಡಳು. ಚಿತ್ರದಿಂದ ಇತರರಿಗೆ ಉಪಕಾರವಾದದ್ದು ನಿಜ. ಆದರೆ ಆ ಮುಖದ ಒಡತಿಗೆ ನಾಲ್ಕು ದಶಕಗಳ ಕಾಲ ಬಾಯಿ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಹರಿದು ಬಂತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಅದೇ ಊರಿನ ಕೂಲಿಕಾರರ ಕೇರಿಗಳಲ್ಲಿ ನೀರಿಲ್ಲದ ಪಾಯಖಾನೆಗಳಿದ್ದವು. ಅವುಗಳ ಮಲವನ್ನು ಮನುಷ್ಯರು ಕೈಯಿಂದ ಬಳಿದು ಬಕೆಟ್ಟಿನಲ್ಲಿ ಹೊರುತ್ತಿದ್ದರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ, ದೇಶಕ್ಕೇ ದಾರಿ ತೋರಿಸಿದ್ದರು. ಅದು ನಮ್ಮ ರಾಜ್ಯದ ನಿಜವಾದ ಕೀರ್ತಿ. ಆದರೆ ಆಜ್ಞೆ ಒಂದು ಕಡೆ, ಬಕೆಟ್ಟು ಇನ್ನೊಂದು ಕಡೆ ಎಂಬಂತೆ ಕೆ.ಜಿ.ಎಫ್.ನಲ್ಲಿ ಕೆಲಸ ನಡೆದೇ ಇತ್ತು.

ಆ ಕೇರಿಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರ ಮನೆಯವರದೂ ಇದೇ ವೃತ್ತಿ. 1986ರಿಂದ ಅವರು ಗಣಿಯ ಆಡಳಿತಕ್ಕೆ, ಮುಖ್ಯಮಂತ್ರಿಗಳಿಗೆ, ಪ್ರಧಾನಮಂತ್ರಿಗಳಿಗೆ, ಪತ್ರಿಕೆಗಳಿಗೆ ಕಾಗದಗಳನ್ನು ಬರೆದರು. ಬಹುಮಟ್ಟಿಗೆ ಉತ್ತರವೇ ಬರಲಿಲ್ಲ. 1993ರಲ್ಲಿ ಪಾರ್ಲಿಮೆಂಟು ಇಡೀ ದೇಶದ ಮಟ್ಟದಲ್ಲಿ ನಿಷೇಧದ ಕಾನೂನು ಮಾಡಿತು. ಅದರಿಂದಲೂ ಪದ್ಧತಿ ನಿಲ್ಲಲಿಲ್ಲ. ಆಗ ವಿಲ್ಸನ್‌ರವರು ಪಾಯಖಾನೆಗಳ ಚಿತ್ರವನ್ನೂ ಅಲ್ಲಿ ನಡೆಯುವ ಕೆಲಸದ ಚಿತ್ರವನ್ನೂ ತೆಗೆದು ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಗೆ ಕಳುಹಿಸಿದರು. ವರದಿ ಅಚ್ಚಾಯಿತು, ದಿಲ್ಲಿಯವರೆಗೆ ಗದ್ದಲವೆದ್ದಿತು, ಕೆ.ಜಿ.ಎಫ್.ನ ಪಾಯಖಾನೆಗಳನ್ನು ನೀರಿನ ವ್ಯವಸ್ಥೆಗೆ ಬದಲಾಯಿಸಿ, ಅಲ್ಲಿ ದುಡಿಯುತ್ತಿದ್ದವರಿಗೆ ಬೇರೆ ಕೆಲಸ ಕೊಡಬೇಕಾಗಿ ಬಂತು.

ಮಹನೀಯರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಿಲ್ಸನ್‌ರ ಬಾಯಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ವರ್ಷಗಟ್ಟಲೆ ಅವರು ಬರೆಯುತ್ತಲೇ ಇದ್ದರು. ಚಿತ್ರವು ಅವರಿಗೆ ದನಿಯನ್ನು ಕೊಡಲಿಲ್ಲ. ‘ಅಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ’ ಎನ್ನುವ ಅಧಿಕಾರಿಯ ಬಾಯನ್ನು ಅದು ಮುಚ್ಚಿಸಿತು. ಇತರರ ಕಿವಿಯನ್ನು ತೆರೆಸಿತು. ಮುಂದೆ ಅವರೂ ಸಂಗಾತಿಗಳೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಹೊಸ ಕಾನೂನು ಬಂತು. 2014ರ ಮಾರ್ಚ್ 27ರ ತೀರ್ಪಿನಲ್ಲಿ, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಕೋರ್ಟು ಹೇಳಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ವಿಲ್ಸನ್‌ರವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೂ ಚರಂಡಿಗಿಳಿದವರು ಸತ್ತ ಸುದ್ದಿ ಇನ್ನೂ ಬರುತ್ತಲೇ ಇದೆ.

ನೋಡುವ ಕಣ್ಣಿಲ್ಲದ ಕಡೆ ಬಡವನು ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ಸವಣೂರು ಸಾಕ್ಷಿ. 2010ರ ಜುಲೈ ತಿಂಗಳಲ್ಲಿ ಅಲ್ಲಿಯ ಭಂಗಿ ಕುಟುಂಬಗಳವರು, ತಾವು ವಾಸವಾಗಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಸಾರ್ವಜನಿಕರೆದುರಿಗೆ ಮೈಮೇಲೆ ಮಲವನ್ನು ಸುರಿದುಕೊಂಡರು. ಆ ಚಿತ್ರಗಳು ಹೊರಬಂದ ಮೇಲೆಯೇ ನಾಡು ಅವರ ಕಡೆ ತಿರುಗಿ ನೋಡಿತು. ತಲೆತಲಾಂತರದಿಂದ ಊರನ್ನು ಚೊಕ್ಕಟ ಮಾಡಿದವರು ಕಾಣಿಸಿಕೊಳ್ಳುವುದಕ್ಕಾಗಿ ಇಷ್ಟು ದೂರ ಹೋಗಬೇಕಾಯಿತಲ್ಲ! ಮೊದಲೇ ಯಾರಾದರೂ ಅಲ್ಲಿಗೆ ಹೋಗಿ, ಅವರೊಡನೆ ಕುಳಿತು, ಅವರ ದಿನಚರಿಯನ್ನು ಚಿತ್ರದಲ್ಲಿಯೂ ಮಾತಿನಲ್ಲಿಯೂ ದಾಖಲೆ ಮಾಡಿದ್ದರೆ, ಮಾನವನ್ನೇ ಪಣಕ್ಕೊಡ್ಡುವ ಗತಿ ಅವರಿಗೆ ಬರುತ್ತಿತ್ತೇ?

ಹಾಗೆ ಹೋಗಿ ಕುಳಿತವರೊಬ್ಬರು ನಮ್ಮ ಈ ಮುಂಬಯಿಯಲ್ಲಿಯೇ ಇದ್ದಾರೆ. ಸುಧಾರಕ ಓಲ್ವೆಯವರು ನಗರಪಾಲಿಕೆಯ ಸಫಾಯಿ ಕಾರ್ಮಿಕರ ಬದುಕನ್ನು ವರ್ಷಾನುಗಟ್ಟಲೆ ಚಿತ್ರಿಸಿದರು. ಕಸದ ರಾಶಿಯ ಮುಂದೆ ಮಾತ್ರವಲ್ಲ, ಕಾರ್ಮಿಕರ ಮನೆಗಳಲ್ಲಿ, ಅವರ ಹೆಂಡಿರು ಮಕ್ಕಳ ನಡುವೆ. 2005ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ ಅವರ ಕೆಲಸವನ್ನು ಗುರುತಿಸಿತು. 2016ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಗಿಂತ ದೊಡ್ಡ ಮಾತೆಂದರೆ, ದಿನಬೆಳಗಾದರೆ ನಮ್ಮ ಬಾಗಿಲ ಮುಂದೆಯೇ ಹಾದುಹೋಗುವ ಮನುಷ್ಯನನ್ನು ನಾವು ಒಮ್ಮೆ ನೆಟ್ಟಗೆ ನೋಡುವಂತೆ ಅವರು ಮಾಡಿದರು.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿನ ದಾರಿಯಿದೆ. ಅದು ಕ್ಯಾಮೆರಾವನ್ನು ಆ ಜನರ ಕೈಗೇ ಕೊಟ್ಟುಬಿಡುವುದು. 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬ ಇಬ್ಬರು ಮಹಿಳೆಯರು 62 ಮಂದಿ ಹಳ್ಳಿಯ ಹೆಂಗಸರಿಗೆ ಕ್ಯಾಮೆರಾ ಕೊಟ್ಟರು. ತಮ್ಮ ದುಡಿಮೆ, ತಮ್ಮ ಮಕ್ಕಳ ಪಾಡು, ತಮ್ಮ ಆರೋಗ್ಯ ಇವುಗಳಲ್ಲಿ ಯಾವುದು ಚಿತ್ರಕ್ಕೆ ಯೋಗ್ಯವೆಂಬುದನ್ನು ಆ ಹೆಂಗಸರೇ ನಿರ್ಧರಿಸಿದರು. ಬಳಿಕ ಒಟ್ಟಿಗೆ ಕುಳಿತು ಚಿತ್ರಗಳನ್ನು ಕುರಿತು ಚರ್ಚಿಸಿ, ಅಧಿಕಾರಿಗಳ ಮುಂದಿಟ್ಟರು. ಈ ಕ್ರಮಕ್ಕೆ ‘ಫೋಟೋವಾಯ್ಸ್’ ಎಂದು ಹೆಸರು. ಈಗ ಅದು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ನೆರೆಯ ತಮಿಳುನಾಡಿನಲ್ಲಿ, ಮೀನು ಮಾರುವ ತಾಯಿಯ ಮಗನಾದ ಎಂ. ಪಳನಿಕುಮಾರರು ಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನು ಚಿತ್ರಿಸಿದ್ದಲ್ಲದೆ, ಸಫಾಯಿ ಕಾರ್ಮಿಕರ ಮತ್ತು ಬೆಸ್ತರ ಮಕ್ಕಳಿಗೆ ಛಾಯಾಗ್ರಹಣವನ್ನು ಕಲಿಸುತ್ತಾರೆ. ಹೊರಗಿನವನು ಕೊಳಚೆಯನ್ನಷ್ಟೇ ನೋಡುವ ಕೇರಿಯಲ್ಲಿ ಆ ಮಕ್ಕಳು ಅಜ್ಜಿಯನ್ನು, ಗೆಳೆಯನನ್ನು, ಆಟವನ್ನು, ಅಡಿಗೆಯನ್ನು ನೋಡುವುದು ಸಹಜವಷ್ಟೆ.

ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಆದುದರಿಂದ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು, ಕೇಳದೆ ತೆಗೆಯಬಾರದು. ಬಡವನಿಗೂ ಬೇಡವೆನ್ನುವ ಹಕ್ಕಿದೆ; ಮುಖ ತೋರಿದರೆ ಕೆಲಸವೇ ಹೋದೀತು, ಹೊಡೆತ ಬಿದ್ದೀತು ಎಂಬಲ್ಲಿ ಮುಖವನ್ನು ಮರೆಮಾಡುವುದೇ ಧರ್ಮ. ಎರಡನೆಯದು, ಚಿತ್ರದೊಡನೆ, ಅವರು ಒಪ್ಪಿದರೆ, ಅವರ ಹೆಸರೂ ಅವರದೇ ಮಾತೂ ಹೋಗಬೇಕು. ಮೂರನೆಯದು, ಅಚ್ಚಾದ ಪ್ರತಿಯೊಂದು ಅವರ ಮನೆಗೆ ಮರಳಬೇಕು. ಕೊನೆಯದು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಚಿತ್ರಕ್ಕೂ ಸಲ್ಲುತ್ತದೆ. ಇಲ್ಲದ ಚಿತ್ರವನ್ನು ಯಂತ್ರವೇ ಹುಟ್ಟಿಸುವ ಈ ಕಾಲದಲ್ಲಿ ಊರು, ತಾರೀಖು, ತೆಗೆದವರ ಹೆಸರು ಇಲ್ಲದ ಚಿತ್ರಕ್ಕೆ ಸಾಕ್ಷಿಯ ಬೆಲೆ ಬಾರದು.

ನಮ್ಮ ಸಂಘ ಮಾಡತಕ್ಕ ಕೆಲಸವೇನು? ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಓದಿ ಮುಂದೆ ಬಂದವರು. ಹಾರ ಹಾಕಿಸಿಕೊಂಡ ಮೇಲಿನ ಅವರ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಲೋಟ ತೊಳೆಯುತ್ತಿದ್ದಾಗಿನ ಚಿತ್ರ ಎಷ್ಟು ಮನೆಗಳಲ್ಲಿದೆ? ಇಂದಿಗೂ ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ನಮ್ಮವರು ಈ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುತ್ತಿದ್ದಾರೆ. ಅವರು ಕಟ್ಟಿದ ಮನೆಗಳಲ್ಲಿ ನಾವು ವಾಸವಾಗಿದ್ದೇವೆ; ನಮ್ಮ ಸಭೆಗಳಿಗೆ ಅವರು ಬಂದದ್ದಿಲ್ಲ, ನಾವು ಕರೆದದ್ದೂ ಇಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟೇ. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಹತ್ತು ಪುಟಗಳನ್ನು ಅವರಿಗೆ ಮೀಸಲಿಡಿ. ನಮ್ಮ ತರುಣ ತರುಣಿಯರು ಅವರ ಬಿಡಾರಗಳಿಗೆ ಹೋಗಲಿ. ಒಂದು ಭಾನುವಾರ ಹೋಗಿಬಂದರೆ ಸಾಲದು, ಆರು ತಿಂಗಳು ಹೋಗಲಿ. ಅವರ ಮಕ್ಕಳ ಕೈಗೆ ಕ್ಯಾಮೆರಾ ಕೊಡಲಿ. ಕನ್ನಡವಾಗಲಿ, ಲಂಬಾಣಿಯಾಗಲಿ, ಅವರಾಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಲಿ. ಆ ಪುಟಗಳಲ್ಲಿ ಶಾಲೆ ಬೇಕೆಂಬ ಮಾತಿದ್ದರೆ, ನೀರಿಲ್ಲವೆಂಬ ಮಾತಿದ್ದರೆ, ಸಂಚಿಕೆಯ ಪ್ರತಿಯನ್ನು ಹಿಡಿದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋಗುವ ಹೊಣೆಯನ್ನು ಸಂಘವೇ ಹೊರಲಿ. ಚಿತ್ರವನ್ನು ನೋಡಿ ಅಯ್ಯೋ ಪಾಪವೆಂದು ಪುಟ ತಿರುವುವುದಾದರೆ ಅದನ್ನು ತೆಗೆಯುವ ಶ್ರಮವೇ ಬೇಡ.

 ಜಯ ಕರ್ನಾಟಕ!