ಲೆಕ್ಕದ ಪುಸ್ತಕಕ್ಕೆ ಬಿದ್ದ ಬೀಗ

ಬೋಳಾರದ ಹೆಸರು ಕೇಳಿದೊಡನೆ ಮಂಗಳೂರಿನ ಹಿರಿಯರಿಗೆ ಹೆಂಚಿನ ಕಾರ್ಖಾನೆಗಳು ನೆನಪಾಗುತ್ತವೆ. ಅಂಥ ಕಾರ್ಖಾನೆಯ ಕಚೇರಿಯೊಂದನ್ನು ಕಲ್ಪಿಸಿಕೊಳ್ಳಿ. ದಾಸ್ತಾನಿನ ಪುಸ್ತಕ ಒಂದೇ. ಒಬ್ಬ ಗುಮಾಸ್ತ ಅದನ್ನು ತನ್ನ ಮೇಜಿಗೆ ಒಯ್ದನೆಂದರೆ ಉಳಿದವರು ಕಾಯಲೇಬೇಕು. ಆದರೆ ಪುಸ್ತಕ ಯಾರಲ್ಲಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಇಂದು ಪುಸ್ತಕದ ಸ್ಥಾನಕ್ಕೆ ಗಣಕಯಂತ್ರ ಬಂದಿದೆ. ನೂರು ಮಂದಿ ನೂರು ಊರುಗಳಲ್ಲಿ ಕುಳಿತು ಅದೇ ಪುಟವನ್ನು ತೆರೆಯಬಹುದು. ಅಪಾಯವಿರುವುದೂ ಇಲ್ಲಿಯೇ. ದಾಸ್ತಾನಿನಲ್ಲಿ ೧೦೦೦ ಹೆಂಚುಗಳಿವೆಯೆನ್ನಿ. ಇಬ್ಬರು ಏಕಕಾಲಕ್ಕೆ ಆ ಅಂಕಿಯನ್ನು ಓದುತ್ತಾರೆ. ಒಬ್ಬ ೩೦೦ ಮಾರಿ, ಉಳಿದದ್ದು ೭೦೦ ಎಂದು ಬರೆಯುತ್ತಾನೆ. ಇನ್ನೊಬ್ಬ ೨೦೦ ಮಾರಿ, ಅದನ್ನು ಅಳಿಸಿ ೮೦೦ ಎಂದು ಬರೆಯುತ್ತಾನೆ. ಗೋದಾಮಿನಲ್ಲಿರುವುದು ೫೦೦, ಲೆಕ್ಕದಲ್ಲಿ ೮೦೦! ಇದನ್ನು ತಡೆಯಲೆಂದೇ, ಒಬ್ಬರು ತಿದ್ದುತ್ತಿರುವಾಗ ಆ ದಾಖಲೆಗೆ ಯಂತ್ರ ಬೀಗ ಹಾಕುತ್ತದೆ. ಈ ಬೀಗಗಳ ಶಾಸ್ತ್ರವನ್ನು ಐಬಿಎಂ ಸಂಸ್ಥೆಯ ಈಶ್ವರನ್, ಜಿಮ್ ಗ್ರೇ ಮತ್ತು ಅವರ ಇಬ್ಬರು ಸಂಗಡಿಗರು ೧೯೭೬ರ ಪ್ರಬಂಧವೊಂದರಲ್ಲಿ ಖಚಿತವಾಗಿ ನಿರೂಪಿಸಿದರು.

ಒಂದು ಮಳೆಗಾಲದ ಸಂಜೆ ಬೋಳಾರದ ವ್ಯಾಪಾರಸಂಸ್ಥೆಯೊಂದರಲ್ಲಿ ನಾನಿದ್ದೆ. ವಿದ್ಯುತ್ತು ಹೋಗಿ ಬಂದಿತ್ತು. ಹೊರಗೆ ಲಾರಿ ಕಾಯುತ್ತಿತ್ತು. ಸರಕು ಸಾಗಣೆಯ ಬಿಲ್ಲು ಬರೆಯಹೊರಟರೆ, ‘ದಾಖಲೆ ಬೇರೊಬ್ಬರ ವಶದಲ್ಲಿದೆ’ ಎಂಬ ಸೂಚನೆ. ಆ ಬೇರೊಬ್ಬರು ಆಗಲೇ ಮನೆಗೆ ಹೋಗಿದ್ದ ಸಹೋದ್ಯೋಗಿ. ‘ಬೀಗ ಅಳಿಸಿಬಿಡೋಣ ಸಾರ್’ ಎಂದನೊಬ್ಬ ತರುಣ. ವೃದ್ಧ ಲೆಕ್ಕಿಗರು ತಡೆದರು: ‘ನಿಲ್ಲು ಮಾರಾಯ, ಮೊದಲು ಆ ಹುಡುಗಿಯನ್ನು ಕೇಳುವ.’

ದೂರವಾಣಿಯಲ್ಲಿ ಉತ್ತರ ಬಂತು: ‘ಆ ಲಾರಿಯ ಬಿಲ್ಲು ನಾನೇ ಬರೆದಿದ್ದೇನಲ್ಲ!’ ನೋಡಿದರೆ, ಆಕೆ ಬರೆದದ್ದು ದಾಸ್ತಾನಿನ ಲೆಕ್ಕಕ್ಕೆ ಇಳಿಯುವ ಮೊದಲೇ ಆ ಕೆಲಸ ಮಾಡುವ ಯಂತ್ರಭಾಗ ನಿಂತುಹೋಗಿತ್ತು. ಅದನ್ನು ಮತ್ತೆ ಚಾಲೂ ಮಾಡಿದೊಡನೆ ಬಿಲ್ಲು ಪೂರ್ಣವಾಯಿತು. ಬೀಗ ತಾನಾಗಿ ಕಳಚಿತು. ತರುಣನ ಮಾತು ನಡೆದಿದ್ದರೆ ಒಂದೇ ಸರಕು ಎರಡು ಬಾರಿ ಖರ್ಚಾಗುತ್ತಿತ್ತು. ಆ ತಪ್ಪಿನ ಹೊಣೆ ಏನೂ ಅರಿಯದ ಆ ಹುಡುಗಿಯ ತಲೆಗೆ ಬೀಳುತ್ತಿತ್ತು.

ಬೀಗ ತೆಗೆಯುವುದಕ್ಕೂ ಒಂದು ಕ್ರಮವಿದೆ. ಸ್ಯಾಪ್ ಎಂಬ ಪ್ರಸಿದ್ಧ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ‘ಎಸ್‌ಎಂ ೧೨’ ಎಂಬ ಪುಟದಲ್ಲಿ ಬೀಗ ಯಾರದು, ಯಾವ ಹೊತ್ತಿನದು, ಯಾವ ದಾಖಲೆಯ ಮೇಲಿನದು ಎಂಬ ವಿವರ ಸಿಗುತ್ತದೆ. ಆ ವ್ಯಕ್ತಿ ಇನ್ನೂ ಒಳಗಿದ್ದಾರೆಯೇ ಎಂಬುದನ್ನು ‘ಎಸ್‌ಎಂ ೦೪’ ಹೇಳುತ್ತದೆ. ಬರೆದದ್ದೇನಾದರೂ ಅರ್ಧಕ್ಕೆ ನಿಂತಿದೆಯೇ ಎಂಬುದನ್ನು ‘ಎಸ್‌ಎಂ ೧೩’ ತಿಳಿಸುತ್ತದೆ. ವ್ಯಕ್ತಿಯೂ ಇಲ್ಲ, ಬಾಕಿ ಬರಹವೂ ಇಲ್ಲವೆಂದಾದರೆ ಮಾತ್ರ ಅದು ವಾರಸುದಾರರಿಲ್ಲದ ಬೀಗ. ಅದನ್ನು ನಿಶ್ಚಿಂತೆಯಿಂದ ತೆಗೆಯಬಹುದು.

ಇನ್ನೊಂದು ಪೇಚೂ ಉಂಟು. ನನ್ನಲ್ಲಿ ಕಿರ್ದಿ, ನಿಮ್ಮಲ್ಲಿ ಖಾತೆ; ನಾನು ಖಾತೆಗೆ ಕಾಯುತ್ತೇನೆ, ನೀವು ಕಿರ್ದಿಗೆ. ಯುಗ ಕಳೆದರೂ ಇಬ್ಬರ ಕೆಲಸವೂ ಸಾಗದು. ಆಗ ಯಂತ್ರ ಒಬ್ಬರ ಕೆಲಸವನ್ನು ರದ್ದುಪಡಿಸಿ ಗಂಟು ಬಿಡಿಸುತ್ತದೆ. ಎಲ್ಲರೂ ಮೊದಲು ಕಿರ್ದಿ, ಆಮೇಲೆ ಖಾತೆ ಎಂಬ ಒಂದೇ ಕ್ರಮ ಹಿಡಿದರೆ ಆ ಗಂಟೇ ಬೀಳದು.

ಬೀಗವನ್ನು ಕಂಡು ನಾವು ಯಂತ್ರವನ್ನು ಶಪಿಸುತ್ತೇವೆ. ಅದರ ಹಿಂದೆ ಕೆಲಸದ ನಡುವಿನಲ್ಲಿರುವ ಒಬ್ಬ ಮನುಷ್ಯರಿರಬಹುದು. ಅವರನ್ನು ಒಂದು ಮಾತು ಕೇಳುವಷ್ಟು ಹೊತ್ತು, ಆ ಸಂಜೆ ಬೋಳಾರದಲ್ಲಿ ಲಾರಿಯೂ ಕಾದಿತ್ತು.