ವಿದೇಶದಲ್ಲಿ ಕಾನೂನು ವ್ಯಾಸಂಗ ಮತ್ತು ಇಂಗ್ಲಿಷ್ ಪರೀಕ್ಷೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ದಸರಾ ಜಂಬೂಸವಾರಿ ಬಂದು ಸೇರುವುದು ನಮ್ಮ ಬನ್ನಿಮಂಟಪಕ್ಕೆ. ಇಲ್ಲಿಂದ ಹೊರಡುವ ಮಕ್ಕಳ ಬಗ್ಗೆ ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ನಾನು ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಕೀಲ.

ಹೋದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಲ್‌ಎಲ್‌ಬಿ ಮುಗಿಸಿ, ಇಂಗ್ಲೆಂಡಿನಲ್ಲಿ ಎಲ್‌ಎಲ್‌ಎಂ ಓದಬೇಕೆಂದು ಬಂದಳು. ತಂದೆ ಆಟೋ ಓಡಿಸುತ್ತಾರೆ. "ಸಾರ್, ಕಾನೂನು ಓದಿ ಪಾಸಾಗಿದ್ದೀನಿ, ಮತ್ತೆ ಇಂಗ್ಲಿಷ್ ಪರೀಕ್ಷೆ ಯಾಕೆ?" ಎಂದು ಕೇಳಿದಳು. ಕಾನೂನಿನಲ್ಲಿ ಮಾತೇ ಬಂಡವಾಳ ತಾನೇ? ಹಾಗಾಗಿ ಈ ವಿಷಯಕ್ಕೆ ಹೆಚ್ಚಿನ ಅಂಕ ಕೇಳುತ್ತಾರೆ. ಆಕ್ಸ್‌ಫರ್ಡ್‌ನ ಬಿಸಿಎಲ್ ಪದವಿಗೆ ಐಇಎಲ್‌ಟಿಎಸ್‌ನಲ್ಲಿ 9ಕ್ಕೆ ಒಟ್ಟು 7.5, ಪ್ರತಿ ವಿಭಾಗದಲ್ಲೂ ಕನಿಷ್ಠ 7 ಬೇಕು.

ಪದವಿಯನ್ನು ಇಂಗ್ಲಿಷಿನಲ್ಲೇ ಓದಿದ್ದರೆ ಕೆಲವು ವಿಶ್ವವಿದ್ಯಾಲಯಗಳು ಕಾಲೇಜಿನ ಪತ್ರ ನೋಡಿ ವಿನಾಯಿತಿ ಕೊಡುತ್ತವೆ. ಆದರೆ ಹುಬ್ಬಳ್ಳಿಯ ನಮ್ಮ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೂ ಉತ್ತರ ಬರೆಯಬಹುದು. ಇವಳು ಹಲವು ಪತ್ರಿಕೆಗಳನ್ನು ಹಾಗೇ ಬರೆದಿದ್ದಳು. ಅದು ಕೊರತೆಯಲ್ಲ, ತಾಲ್ಲೂಕು ಕೋರ್ಟಿನಲ್ಲಿ ಕಕ್ಷಿದಾರನ ಕಷ್ಟ ಅರ್ಥವಾಗುವುದು ಆ ಭಾಷೆಯಲ್ಲೇ. "ಎಲ್ಲಾ ಇಂಗ್ಲಿಷಿನಲ್ಲೇ ಓದಿದ್ದು ಅಂತ ಒಂದು ಪತ್ರ ಬರೆಸಿಕೊಂಡುಬಿಡು" ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ಬೇಡವಮ್ಮ, ಪರೀಕ್ಷೆಯೇ ಬರಿ ಎಂದೆ.

ಶುಲ್ಕ 15 ಸಾವಿರ ರೂಪಾಯಿಗೂ ಮೇಲೆ. ಅಂಕಕ್ಕೆ ಬೆಲೆ 2 ವರ್ಷ ಮಾತ್ರ. ಮಾತಿನ ಪರೀಕ್ಷೆಗೇ ಅವಳಿಗೆ ಹೆದರಿಕೆ. ಅದು 11ರಿಂದ 14 ನಿಮಿಷದ ಸಂಭಾಷಣೆ, ಬ್ರಿಟಿಷರ ಹಾಗೆ ನಾಲಿಗೆ ಹೊರಳಿಸಬೇಕಿಲ್ಲ, ಸ್ಪಷ್ಟವಾಗಿದ್ದರೆ ಸಾಕು. ಅದರಲ್ಲಿ 7 ಬಂತು. ಕೈಕೊಟ್ಟದ್ದು ಬರವಣಿಗೆ: 6. ಅವಳ ವಿಶ್ವವಿದ್ಯಾಲಯ ಕೇಳಿದ್ದು 6.5. ಅರ್ಧ ಅಂಕಕ್ಕೆ ಸೀಟು ನಿಂತಿತು.

ಅವಳ ಪ್ರಬಂಧಗಳನ್ನು ತರಿಸಿ ನೋಡಿದೆ. ವ್ಯಾಕರಣ ಪರವಾಗಿಲ್ಲ. ಆದರೆ ಅರ್ಧ ಪುಟ ಪೀಠಿಕೆ, ಕೇಳಿದ ಪ್ರಶ್ನೆಗೆ ಉತ್ತರ ಕೊನೆಯ ಸಾಲಿನಲ್ಲಿ! ನಾವೆಲ್ಲ ಕಲಿತದ್ದೇ ಹಾಗೆ. ಅಲ್ಲಿ 40 ನಿಮಿಷದಲ್ಲಿ 250 ಪದ, ಮೊದಲಿಗೇ ನಿಲುವು ಹೇಳಬೇಕು. ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು. ಆ ಅಂಕವನ್ನು ತಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಅವಳು ಕೇಳಿದಳು, ಒಪ್ಪಿದರು. ದಿನಕ್ಕೊಂದು ಪ್ರಬಂಧ ಬರೆದಳು, ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ತಿದ್ದಿಕೊಟ್ಟರು. ಎರಡನೇ ಸಲ 7 ಬಂತು.

ಹಣಕ್ಕೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿಯವರು, ಭೂಹೀನ ಕೃಷಿ ಕಾರ್ಮಿಕರ ಮಕ್ಕಳು ವಿಚಾರಿಸಿ. ಅರ್ಜಿ ತುಂಬುವುದಕ್ಕೆ, ಪ್ರಬಂಧ ತಿದ್ದುವುದಕ್ಕೆ ಶನಿವಾರ ಮಧ್ಯಾಹ್ನ ಶಾಲೆಯ ಗ್ರಂಥಾಲಯದಲ್ಲಿ ನಾನು ಸಿಗುತ್ತೇನೆ, ಶುಲ್ಕವಿಲ್ಲ. ಬರೆದ ಹಾಳೆ ತನ್ನಿ.